ಹಿಂದಕ್ಕೆ ಸುತ್ತದ ಕೆಂಪು ಕ್ಯಾಸೆಟ್ಟು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಕೀಲಿಕೈ ಅಕ್ಕ. ಹೊಸದಾಗಿ ಬಾಡಿಗೆಗೆ ಬಂದವರು, ಇವಳ್ಯಾರೋ ಭಾರೀ ಆಸ್ತಿವಂತೆ, ಬೀರುಗಳ ಕೀಲಿಯನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾಳೇನೋ ಎಂದುಕೊಳ್ಳುತ್ತಿದ್ದರು. ಅವಳ ಆಸ್ತಿ ಎಂದರೆ ಅಣ್ಣನ ಮನೆಯ ಹಿಂದಿನ ಒಂದು ಕೋಣೆ, ಒಂದು ಬೆಸುಗೆ ಕಡ್ಡಿ, ಯಾರಿಗೂ ಸುಲಭಕ್ಕೆ ಬಾಗದ ಒಂದು ಕತ್ತು. ಹೆಸರು ತಂದುಕೊಟ್ಟ ಕೀಲಿ ಒಂದು ವರ್ಷ ಕೂಡ ಅವಳ ಕೈಯಲ್ಲಿರಲಿಲ್ಲ. ಆದರೆ ಜನ ಒಂದು ಸಲ ಅಂಟಿಸಿದ ಹೆಸರನ್ನು ಆಮೇಲೆ ಕೀಳುವ ತೊಂದರೆ ಯಾರು ತೆಗೆದುಕೊಳ್ಳುತ್ತಾರೆ?

ಮೊದಲು ಅವಳು ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ತಂತಿ ಸುತ್ತುತ್ತಿದ್ದಳು. ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಒಂದರ ಪಕ್ಕ ಒಂದು ಸುತ್ತಿ ಸುರುಳಿ ಮಾಡುವ ಕೆಲಸ. ಕಣ್ಣು ಚುರುಕು, ಬೆರಳು ಹಗುರ, ಬಾಯಿ ಮಾತ್ರ ಸ್ವಲ್ಪ ಖಾರ. ಪೇಟೆಯ ದೊಡ್ಡ ಟೀವಿ ಅಂಗಡಿಯ ಯಜಮಾನರು ಒಂದು ದಿನ ಬಂದು, "ನಮ್ಮಲ್ಲಿ ಒಂದು ಹೊಸ ಯಂತ್ರ ಬಂದಿದೆಯಮ್ಮ, ಅದರಲ್ಲೂ ಸುತ್ತೋದೇ ಕೆಲಸ. ಬರ್ತೀಯಾ?" ಎಂದರು. ಸುತ್ತುವುದೇ ಆದರೆ ಇಲ್ಲೇನು ಅಲ್ಲೇನು ಎಂದು ಇವಳು ಹೋದಳು.

ಮನೆಯಲ್ಲಿ ಕೂತು, ಬೇಕಾದ ಸಿನಿಮಾವನ್ನು ಬೇಕಾದಾಗ ನೋಡಬಹುದು ಎಂದರೆ ಜನ ಕಿಸಕ್ಕನೆ ನಗುತ್ತಿದ್ದ ಕಾಲ ಅದು. ಯಾವುದೋ ಕಂಪನಿ ಎಲ್ಲರಿಗಿಂತ ಮುಂಚೆ ಅಂಥದ್ದೊಂದನ್ನು ಮಾಡಿ ಮಾರುಕಟ್ಟೆಗೆ ಬಿಟ್ಟಿತ್ತು. ಟೀವಿ, ಟೇಪು ಓಡಿಸುವ ಯಂತ್ರ ಎರಡೂ ಒಂದೇ ಮರದ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಎಂದರೆ ಪೆಟ್ಟಿಗೆಯೇ? ನಾಲ್ಕು ಆಳು ಹೊರಬೇಕು. ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗೆ, ಅದನ್ನು ಕೊಂಡವರು ಅದಕ್ಕೆ ಜಾಗ ಮಾಡಲು ಮಂಚವನ್ನು ಹೊರಗೆ ಹಾಕಬೇಕಾಗುತ್ತಿತ್ತು. ಬೀದಿಯವರು ಅದಕ್ಕೆ 'ಬೀರು ಟೀವಿ' ಎಂದು ಹೆಸರಿಟ್ಟರು. ಟೇಪು ಉಳಿಯಲಿ ಎಂದು ಕಂಪನಿಯವರು ಓಡುವ ಪ್ರತಿ ಮೂರು ಬಿಡಿಚಿತ್ರಗಳಲ್ಲಿ ಒಂದನ್ನು ಮಾತ್ರ ಅಚ್ಚು ಮಾಡಿ, ಅದನ್ನೇ ಮೂರು ಸಲ ತೋರಿಸುವ ಜಾಣತನ ಮಾಡಿದ್ದರು. ಹಾಗಾಗಿ ತೆರೆಯ ಮೇಲೆ ಯಾರಾದರೂ ಕೈ ಎತ್ತಿದರೆ ಕೈ ಎದ್ದು ಬರುತ್ತಿರಲಿಲ್ಲ, ಇಲ್ಲಿಂದ ಅಲ್ಲಿಗೆ ಜಿಗಿಯುತ್ತಿತ್ತು. ಆದರೂ ಜನ ಬಾಯಿ ಬಿಟ್ಟುಕೊಂಡು ನೋಡಿದರು.

ಕ್ಯಾಸೆಟ್ಟುಗಳಲ್ಲಿ ಎರಡು ಜಾತಿ. ಕಪ್ಪು ಬಣ್ಣದ್ದು ನಾವೇ ಕೊಳ್ಳುವುದು. ಅದರಲ್ಲಿ ಏನು ಬೇಕಾದರೂ ತುಂಬಿಸಿಕೊಳ್ಳಿ, ಎಷ್ಟು ಸಲವಾದರೂ ನೋಡಿ. ಕೆಂಪು ಬಣ್ಣದ್ದು ಬಾಡಿಗೆ ಸಿನಿಮಾ. ಒಂದು ಬಾಡಿಗೆಗೆ ಹತ್ತು ಸಲ ನೋಡಿಬಿಟ್ಟರೆ ಸಿನಿಮಾದವರು ಸುಮ್ಮನಿರುತ್ತಾರೆಯೇ? ಅದಕ್ಕೇ ಕೆಂಪು ಕ್ಯಾಸೆಟ್ಟಿನೊಳಗೆ ಒಂದು ಸಣ್ಣ ಹಲ್ಲು ಇಟ್ಟಿದ್ದರು. ಮನೆಯ ಯಂತ್ರದಲ್ಲಿ ಅದು ಮುಂದಕ್ಕೆ ಮಾತ್ರ ಓಡುತ್ತಿತ್ತು, ಹಿಂದಕ್ಕೆ ಸುತ್ತುತ್ತಿರಲಿಲ್ಲ. ಸುತ್ತಬೇಕಾದರೆ ಅಂಗಡಿಗೇ ತರಬೇಕು. ಅಂಗಡಿಯ ಹಿಂಬದಿಯಲ್ಲಿ ಅದಕ್ಕೆಂದೇ ಬೇರೊಂದು ಯಂತ್ರ, ಆ ಯಂತ್ರಕ್ಕೆ ಒಂದು ಕೀಲಿ, ಆ ಕೀಲಿ ಇವಳ ಕೈಯಲ್ಲಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ ಇಡೀ ಊರಿನ ಸಿನಿಮಾ ಹುಚ್ಚಿಗೆ ಇವಳೇ ಪೂಜಾರಿಯಾದಳು. ಯಾರದೋ ಮನೆಯಲ್ಲಿ ಅತ್ತೆ ಬಾಗಿಲು ತಟ್ಟಿದರೆಂದು ಎದ್ದು ಹೋಗಿ, ಸಿನಿಮಾದ ಕಳ್ಳ ಸಿಕ್ಕಿಬೀಳುವ ಜಾಗವೇ ತಪ್ಪಿ ಹೋಯಿತಂತೆ, "ಅಕ್ಕಾ, ಒಂಚೂರು ಹಿಂದಕ್ಕೆ ಹಾಕ್ಕೊಡಿ." ಇನ್ನೊಂದು ಮನೆಯಲ್ಲಿ ಸಿನಿಮಾ ಮುಗಿಯುವವರೆಗೆ ಯಾರೂ ಬಚ್ಚಲಿಗೂ ಏಳಬಾರದೆಂದು ಯಜಮಾನನ ಕಟ್ಟಪ್ಪಣೆ, ಮುದುಕನೊಬ್ಬ ಪಟ್ಟ ಪಾಡು ದೇವರಿಗೇ ಪ್ರೀತಿ. ಹಲ್ಲಿನ ಡಾಕ್ಟರೊಬ್ಬರು ಪ್ರತಿ ಸಲವೂ ಅರ್ಧಕ್ಕೇ ನಿದ್ದೆ ಹೋಗಿ, "ನಾನು ನೋಡಿದ್ದು ಅರ್ಧ, ಬಾಡಿಗೇನೂ ಅರ್ಧ ತಗೋಬೇಕು" ಎಂದು ನ್ಯಾಯ ಕೇಳುತ್ತಿದ್ದರು. "ನೀವು ಅರ್ಧ ಹಲ್ಲು ಕಿತ್ತು ಅರ್ಧ ಫೀಸು ತಗೊಂಡಿದ್ದೀರಾ ಡಾಕ್ಟ್ರೇ?" ಎಂದು ಇವಳು ಕೇಳಿದ ಮೇಲೆ ತೆಪ್ಪಗಾದರು. ಹೀಗೆ ಕೆಲವು ತಿಂಗಳು ಅವಳು ರಾಣಿಯ ಹಾಗೆ ಇದ್ದಳು, ಮತ್ತು ಅದು ಅವಳ ತಲೆಗೂ ಸ್ವಲ್ಪ ಏರಿತ್ತು.

ಮನೆಯ ಸಂಗತಿ ಬೇರೆ. ಅಪ್ಪ ಅಮ್ಮ ಹೋದಮೇಲೆ ಅವಳು ಅಣ್ಣನ ಜೊತೆಗೇ ಇದ್ದವಳು. ಅಣ್ಣನದು ಕ್ಷೌರದಂಗಡಿ. ಕತ್ತರಿಗಿಂತ ಬಾಯಿ ಜೋರು. ಕುರ್ಚಿಯಲ್ಲಿ ಕೂತವರಿಗೆ ಲೋಕದ ಸುದ್ದಿಯೆಲ್ಲ ಹೇಳುತ್ತಿದ್ದವನು, ಮನೆಯಲ್ಲಿ ಹೆಂಡತಿಗೆ 'ತಪ್ಪಾಯ್ತು' ಎಂಬ ಒಂದು ಮಾತು ಹೇಳಬೇಕಾದರೆ ಮೂಗನಾಗಿಬಿಡುತ್ತಿದ್ದ. ಅತ್ತಿಗೆ ಮಾತು ಕಡಿಮೆಯ ಹೆಂಗಸು. ಮಾಡಬೇಕಾದದ್ದನ್ನು ಮಾಡಿ, ಆಡಬೇಕಾದ ಜಾಗದಲ್ಲೂ ಸುಮ್ಮನಿರುವವಳು. ಅಂಥವರ ಮೌನವನ್ನು ನಮ್ಮ ಜನ ಯಾವತ್ತೂ ಒಳ್ಳೆಯದಕ್ಕೆ ಲೆಕ್ಕ ಹಿಡಿಯುವುದಿಲ್ಲ. ಕೀಲಿಕೈ ಅಕ್ಕನೂ ಹಿಡಿಯಲಿಲ್ಲ.

ಆ ಸಮಯಕ್ಕೆ ಲಾರಿ ಮಾಲೀಕನೊಬ್ಬನ ಸಂಬಂಧ ಬಂತು. ಹೆಂಡತಿ ತೀರಿಕೊಂಡಿದ್ದವನು, ಇವಳಿಗಿಂತ ಬಹಳ ದೊಡ್ಡವನು. ಇವಳನ್ನು ಯಾರೂ ಏನೂ ಕೇಳಲಿಲ್ಲ. ಶನಿವಾರ ಕೆಲಸ ಮುಗಿಸಿ ಬಂದಾಗ ಅಣ್ಣ ಅತ್ತಿಗೆ ಇಬ್ಬರ ಮುಖವೂ ಊದಿತ್ತು. ಜಗಳವಾಗಿದೆ, ತನ್ನ ವಿಷಯಕ್ಕೇ ಆಗಿದೆ ಎಂದು ಗೊತ್ತಾಗಲು ಯಾರೂ ಹೇಳಬೇಕಾಗಿರಲಿಲ್ಲ. ಅತ್ತಿಗೆಗೆ ಹಿಂದಿನ ಕೋಣೆ ಖಾಲಿಯಾಗಬೇಕು, ಅಣ್ಣ ಒಪ್ಪುತ್ತಿಲ್ಲ. ಇವಳು ಹಾಗೆ ಲೆಕ್ಕ ಹಾಕಿದಳು. ಮದುವೆಯಾಗದ ನಾದಿನಿ ಯಾವ ಅತ್ತಿಗೆಗೆ ಬೇಕು? ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಅದೇ ಲೆಕ್ಕ ಹೇಳುತ್ತಿದ್ದರು.

ಮಾರನೆಯ ದಿನ ಭಾನುವಾರ. ಅಂಗಡಿಯ ಯಜಮಾನರು ಕೆಲಸದವರಿಗೆ ಸರದಿಯ ಮೇಲೆ ಎರಡೆರಡು ದಿನ ಯಂತ್ರವನ್ನೂ ಕ್ಯಾಮೆರಾವನ್ನೂ ಮನೆಗೆ ಕಳಿಸುತ್ತಿದ್ದರು, ನೆರೆಹೊರೆಯವರು ನೋಡಿ ಕೊಳ್ಳಲಿ ಎಂದು. ಅವತ್ತು ಇವಳ ಸರದಿ. ಕಪ್ಪು ಕ್ಯಾಸೆಟ್ಟು ಅಂಗಡಿಯಲ್ಲಿ ಮುಗಿದಿತ್ತು. ಹಳೆಯದೊಂದು ಕೆಂಪು ಕ್ಯಾಸೆಟ್ಟು ಚೀಲದಲ್ಲಿ ಬಿದ್ದಿತ್ತು. ಅದರ ಮೇಲೆ ತುಂಬಿಸಬಾರದೆಂದು ಇದ್ದ ತಡೆಯನ್ನು ಒಂದು ಚೂರು ರಟ್ಟು ತುರುಕಿ ತಪ್ಪಿಸುವುದು ಅವಳಿಗೆ ಎಡಗೈ ಕೆಲಸ. ಹಿಂದಕ್ಕೆ ಸುತ್ತದಿದ್ದರೇನಂತೆ? ಕೀಲಿ ನನ್ನ ಹತ್ತಿರವೇ ಇದೆಯಲ್ಲ, ನಾಳೆ ಅಂಗಡಿಯಲ್ಲಿ ಸುತ್ತಿಕೊಂಡು ಬಂದರಾಯಿತು. ಬೇರೆಯವರಾಗಿದ್ದರೆ ಅಂಥ ತಪ್ಪನ್ನು ಮಾಡುತ್ತಿರಲೇ ಇಲ್ಲ. ಕೀಲಿ ಕೈಯಲ್ಲಿದ್ದವಳು ಮಾತ್ರ ಮಾಡಬಹುದಾದ ತಪ್ಪು ಅದು.

ನೆರೆಹೊರೆಯವರು ಬಂದು ನೋಡಿ ಹೋದಮೇಲೆ ಅಣ್ಣ ಕೂದಲು ಬಾಚಿಕೊಂಡು ಯಂತ್ರದ ಮುಂದೆ ಬಂದು ನಿಂತ. ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ. ನಿನ್ನೆಯಿಂದ ಅವಳು ಮಾತು ಬಿಟ್ಟಿದ್ದಳು.

"ಇದರಲ್ಲಿ ಮಾತಾಡಿದ್ದೆಲ್ಲ ಹಾಗೇ ಇರುತ್ತಾ?" ಎಂದ ಅಣ್ಣ.

"ಇರುತ್ತೆ."

"ಹಾಗಾದ್ರೆ ಚಾಲೂ ಮಾಡಿ ನೀನು ಹೊರಗೆ ಹೋಗು. ನಿಮ್ಮತ್ತಿಗೆಗೆ ಒಂದು ಮಾತು ಹೇಳೋದಿದೆ. ಅವಳು ನಾಳೆ ನೋಡ್ಕೊಳ್ಳಲಿ."

"ಅಡುಗೆಮನೆ ಹತ್ತು ಹೆಜ್ಜೆ ಇದೆ, ಅಲ್ಲೇ ಹೋಗಿ ಹೇಳಬಾರದಾ ಅಣ್ಣ?"

"ಹೋಗೇ ಸುಮ್ನೆ!"

ಅವಳು ಕ್ಯಾಮೆರಾ ಹೂಡಿಟ್ಟು ಹೊರಗೆ ಜಗುಲಿಯಲ್ಲಿ ಕೂತಳು. ಬಾಗಿಲು ಹಾಕಿಕೊಂಡು ಅವನು ಏನು ಹೇಳಿದನೋ, ಆಮೇಲೆ "ಏ ತಂಗೀ, ಇದನ್ನ ನಿಲ್ಲಿಸೋದು ಹೇಗೆ?" ಎಂದು ಕೂಗಿದ. ಒಳಗೆ ಹೋದಾಗ ಅವನ ಮುಖ ಸ್ನಾನ ಮಾಡಿ ಬಂದವನ ಹಾಗೆ ಹಗುರವಾಗಿತ್ತು.

ಸೋಮವಾರ ಅವಳು ಅಂಗಡಿಗೆ ಹೋದರೆ ಬಾಗಿಲಿಗೆ ಹೊರಗಿನಿಂದ ಬೀಗ. ಕಂಪನಿ ಮುಳುಗಿತ್ತು. ಕೊಂಡವರು ಕೈಬೆರಳೆಣಿಕೆ, ನಗುವವರು ಸಾವಿರ, ಎಷ್ಟು ದಿನ ನಡೆದೀತು? ಕಂಪನಿಯ ಲಾರಿ ಬೆಳಿಗ್ಗೆಯೇ ಬಂದು ಯಂತ್ರಗಳನ್ನು, ಕೆಂಪು ಕ್ಯಾಸೆಟ್ಟುಗಳನ್ನು, ಸುತ್ತುವ ಯಂತ್ರವನ್ನು ಎಲ್ಲ ಹೇರಿಕೊಂಡು ಹೋಗಿತ್ತು. ಮನೆಗೂ ಆಳುಗಳು ಬಂದು ಬೀರು ಟೀವಿಯನ್ನು ಹೊತ್ತುಕೊಂಡು ಹೋದರು. ಅವಳ ಚೀಲದಲ್ಲಿದ್ದ ಆ ಒಂದು ಕ್ಯಾಸೆಟ್ಟಿನ ನೆನಪು ಯಾರಿಗೂ ಆಗಲಿಲ್ಲ. ಈಗ ಅದನ್ನು ಸುತ್ತಲು ಯಂತ್ರವಿಲ್ಲ, ಸುತ್ತಿದರೂ ನೋಡಲು ಯಂತ್ರವಿಲ್ಲ. ಕೀಲಿ ಮಾತ್ರ ಇತ್ತು, ಅದನ್ನೂ ಯಜಮಾನರು ಆ ವಾರವೇ ಹೇಳಿಕಳಿಸಿ ತರಿಸಿಕೊಂಡರು.

ಅಣ್ಣನ ಮಾತು ಹೀಗೆ ಡಬ್ಬಿಯೊಳಗೆ ಸಿಕ್ಕಿಕೊಂಡಿತು. ಅತ್ತಿಗೆ ಎರಡು ದಿನ ಬಿಟ್ಟು ತಾನಾಗಿಯೇ ಮಾತಾಡಿದಳು, ಸಂಸಾರ ಎಂದಿನಂತೆ ನಡೆಯಿತು. "ಅವತ್ತು ಅದರಲ್ಲಿ ಏನಂದ್ರಿ?" ಎಂದು ಅವಳು ಯಾವಾಗಲಾದರೂ ಕೇಳಿದರೆ, "ಹೇಳೋದು ಹೇಳಿ ಆಗಿದೆ. ಒಂದೇ ಮಾತನ್ನ ಎರಡು ಸಲ ಹೇಳೋನು ನಾನಲ್ಲ. ಡಬ್ಬಿ ಬಿಚ್ಚಿ ಕೇಳ್ಕೋ" ಎಂದು ಅವನು ಮೀಸೆಯಲ್ಲೇ ನಗುತ್ತಿದ್ದ. ಎಂಥ ಗಂಡಸಪ್ಪ! ತಂಗಿಯ ಹತ್ತಿರ ಮಾತ್ರ ಒಂದು ದಿನ, "ಆ ಲಾರಿಯವನಿಗೆ ಇಲ್ಲ ಅಂತ ಹೇಳಿ ಬಂದೆ. ಯಾರು ಏನೇ ಅನ್ನಲಿ, ನಾನಿರೋವರೆಗೂ ನಿನ್ನನ್ನ ಈ ಮನೆಯಿಂದ ಕಳಿಸಲ್ಲ" ಎಂದ. ಅತ್ತಿಗೆ ಅಲ್ಲೇ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಆ 'ಯಾರು' ಯಾರೆಂದು ಕೀಲಿಕೈ ಅಕ್ಕನಿಗೆ ಅನುಮಾನವೇ ಇರಲಿಲ್ಲ. ಅವತ್ತಿನಿಂದ ಅವಳು ಅಣ್ಣನಿಗೆ ಮನಸ್ಸಿನಲ್ಲೇ ದೀಪ ಹಚ್ಚಿಟ್ಟಳು. ಅತ್ತಿಗೆಯ ಜೊತೆ ಜಗಳವಾಡಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದಳು. ಅತ್ತಿಗೆಯನ್ನು ಹೊರಗಿನವರ ಹಾಗೆ ಬಹುವಚನದಲ್ಲಿ ಮಾತಾಡಿಸಿಕೊಂಡು, ತನ್ನ ತಟ್ಟೆ ತಾನೇ ತೊಳೆದುಕೊಂಡು, ಜ್ವರ ಬಂದರೂ ಒಂದು ಲೋಟ ನೀರು ಕೇಳದೆ ಅದೇ ಮನೆಯಲ್ಲಿ ಬಾಡಿಗೆದಾರಳ ಹಾಗೆ ಇದ್ದಳು. ಮತ್ತೆ ರಿಪೇರಿ ಅಂಗಡಿ ಸೇರಿದಳು. ಬೇರೆ ಬೇರೆ ಕಂಪನಿಗಳ ವೀಡಿಯೋ ಬಂದವು, ಸಣ್ಣ ಕ್ಯಾಸೆಟ್ಟು ಬಂತು, ಮನೆಯಲ್ಲಿ ಸಿನಿಮಾ ನೋಡುವುದು ಯಾರಿಗೂ ನಗೆಯಾಗಿ ಉಳಿಯಲಿಲ್ಲ. ಎಲ್ಲರಿಗಿಂತ ಮುಂಚೆ ಬಂದು ಎಲ್ಲರಿಗಿಂತ ಮುಂಚೆ ಹೋದ ಬೀರು ಟೀವಿಯನ್ನು ನೆನೆಯುವವರೇ ಇರಲಿಲ್ಲ. ಅವಳ ತಲೆಯೂ ಬೆಳ್ಳಗಾಯಿತು.

ಅಣ್ಣ ಒಂದು ಮಧ್ಯಾಹ್ನ ಅಂಗಡಿಯಲ್ಲಿ, ಗಿರಾಕಿಯ ಒಂದು ಕೆನ್ನೆ ಬೋಳಿಸಿ ಇನ್ನೊಂದು ಬಾಕಿ ಇರುವಾಗ, ಗೋಡೆಗೆ ಒರಗಿ ಕೂತವನು ಏಳಲಿಲ್ಲ.

ದುಃಖ ಒಂದು ಕಡೆ, ಭಯ ಒಂದು ಕಡೆ. ಮನೆ ಈಗ ಅತ್ತಿಗೆಯದು. 'ನಾನಿರೋವರೆಗೂ' ಎಂದವನು ಇಲ್ಲ. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ಇವಳು ಬಟ್ಟೆಗಳನ್ನು ಒಂದು ಟ್ರಂಕಿನಲ್ಲಿ ತುಂಬಿಟ್ಟುಕೊಂಡು ಕಾದಳು. ಒಂದು ಬೆಳಿಗ್ಗೆ ಅತ್ತಿಗೆ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಟ್ರಂಕನ್ನೊಮ್ಮೆ ನೋಡಿದಳು.

"ಆ ಕೆಂಪು ಡಬ್ಬಿ ನಿನ್ನ ಹತ್ತಿರ ಇದೆಯಾ?"

"ಇದೆ ಅತ್ತಿಗೆ."

"ಅವರ ಫೋಟೋ ಇದೆ ಬೇಕಾದಷ್ಟು. ಯಾವ ಫೋಟೋನೂ ಮಾತಾಡಲ್ಲ. ಒಂದೇ ಒಂದ್ಸಲ ಅವರ ದನಿ ಕೇಳ್ಬೇಕು ಕಣೇ. ನಿನ್ನ ಕೈಲಿ ಆಗುತ್ತಾ?"

ಇಷ್ಟು ವರ್ಷದಲ್ಲಿ ಅತ್ತಿಗೆ ಅವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. "ನೋಡ್ತೀನಿ" ಎಂದಳು ಇವಳು.

ಯಂತ್ರ ಸಿಕ್ಕಿದ್ದು ಆ ಹಲ್ಲಿನ ಡಾಕ್ಟರ ಮನೆಯಲ್ಲಿ. ಅವರು ಅವತ್ತು ದುಡ್ಡು ಕೊಟ್ಟು ಕೊಂಡಿದ್ದರಾದ್ದರಿಂದ ಕಂಪನಿಯವರು ಒಯ್ದಿರಲಿಲ್ಲ. ಬೀರು ಟೀವಿ ಈಗ ನಿಜವಾಗಿಯೂ ಬೀರುವಾಗಿತ್ತು. ಕೆಳಗಿನ ಖಾನೆಯಲ್ಲಿ ಚಪ್ಪಲಿ, ಮೇಲೆ ಹೂದಾನಿ. "ತಗೊಂಡು ಹೋಗಮ್ಮ, ಪುಣ್ಯ ಬರುತ್ತೆ. ಕೊನೆಗೂ ಅದರಲ್ಲಿ ಒಂದು ಸಿನಿಮಾನೂ ಪೂರ್ತಿ ನೋಡ್ಲಿಲ್ಲ ನಾನು" ಎಂದರು ಡಾಕ್ಟರು. ಕೈಗಾಡಿಯಲ್ಲಿ ಹೇರಿ ತಂದು, ಜೋತುಬಿದ್ದ ಬೆಲ್ಟುಗಳನ್ನು ಬದಲಿಸಿ, ಟೇಪು ಹಾಯುವ ಜಾಗವನ್ನೆಲ್ಲ ಸ್ಪಿರಿಟ್ಟಿನಲ್ಲಿ ಒರೆಸಿ ಅವಳು ಅದಕ್ಕೆ ಜೀವ ಬರಿಸಿದಳು. ಡಾಕ್ಟರ ಮನೆಯದೇ ಹಳೆಯ ಕಪ್ಪು ಕ್ಯಾಸೆಟ್ಟೊಂದನ್ನು ಹಾಕಿ ನೋಡಿದಾಗ ಚಿತ್ರ ಬಂತು. ಆದರೆ ಟೇಪು ಹಾಯ್ದಲ್ಲೆಲ್ಲ ಅದರ ಮೈಮೇಲಿನ ಕಂದು ಲೇಪ ಪುಡಿಪುಡಿಯಾಗಿ ಉದುರಿತು. ಎರಡನೇ ಸಲ ಹಾಕಿದರೆ ತೆರೆಯ ಮೇಲೆ ಬರೀ ಚುಕ್ಕಿ. ಇಷ್ಟು ವರ್ಷದ ತೇವಕ್ಕೆ ಟೇಪು ಕೊಳೆತಿತ್ತು. ಅಣ್ಣನದೂ ಅಷ್ಟೇ. ಒಂದು ಸಲ ನೋಡಬಹುದು, ಆಮೇಲೆ ಇಲ್ಲ.

ಕೆಂಪು ಕ್ಯಾಸೆಟ್ಟನ್ನು ಬಿಚ್ಚಿ, ಒಳಗಿನ ಆ ಸಣ್ಣ ಹಲ್ಲನ್ನು ಕಿತ್ತು, ಬೆರಳಿನಿಂದಲೇ ಸುರುಳಿಯನ್ನು ಹಿಂದಕ್ಕೆ ತಿರುಗಿಸತೊಡಗಿದಳು. ಜೋರಾಗಿ ಎಳೆದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಮಡಚಿಕೊಳ್ಳುತ್ತದೆ. ಹೀಗೆ ಸುತ್ತುತ್ತ ಕೂತಾಗಲೇ ಅವಳಿಗೆ ಕೆಟ್ಟ ಯೋಚನೆ ಬಂದದ್ದು. ಜಗಳದ ಮಾರನೇ ದಿನ ಹೆಂಡತಿಗೆ ಹೇಳಿದ ಮಾತು ಇದು. 'ನಿನಗೆ ಬೇಡವಾದರೂ ನನ್ನ ತಂಗಿ ಇಲ್ಲೇ ಇರುತ್ತಾಳೆ, ಇಷ್ಟವಿದ್ದರೆ ಇರು' ಎಂದು ಬೈದಿದ್ದರೆ? ಗಂಡನ ದನಿ ಕೇಳಬೇಕೆಂದು ಹಂಬಲಿಸಿದವಳಿಗೆ ಕೊನೆಗೆ ಸಿಗುವುದು ಅದೇ ಆದರೆ? ಆಮೇಲೆ ಈ ಮನೆಯಲ್ಲಿ ತನಗೆ ಒಂದು ದಿನವಾದರೂ ಜಾಗವಿರುತ್ತದೆಯೇ? ಟೇಪು ಹಾಳಾಗಿದೆ ಎಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಬೆರಳಿಗೆ ಒಂಚೂರು ಜೋರು ಕೊಟ್ಟರೆ ಸಾಕಿತ್ತು. ನಿಜಕ್ಕೂ ಒಂದು ಕ್ಷಣ ಅವಳ ಬೆರಳು ಬಿಗಿಯಾಯಿತು. ಮುಂಬಾಗಿಲ ಹತ್ತಿರ ಅತ್ತಿಗೆ ಪಕ್ಕದ ಮನೆಯವಳಿಗೆ, "ನಮ್ಮ ಹುಡುಗಿ ಮಾಡ್ತಿದಾಳೆ, ಅವಳ ಕೈಲಿ ಆಗದೇ ಇರೋದು ಯಾವುದಿದೆ?" ಎನ್ನುತ್ತಿದ್ದಳು. ಕೀಲಿಕೈ ಅಕ್ಕ ಬೆರಳನ್ನು ಸಡಿಲಿಸಿ ಮೆಲ್ಲಗೆ ಸುತ್ತಿದಳು.

ನೋಡುವ ದಿನ ಅತ್ತಿಗೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಕಿಟಕಿಯ ಪರದೆ ಎಳೆದು ಕೂತಳು. "ಒಂದೇ ಸಲ ಅತ್ತಿಗೆ. ಕಣ್ಣು ಮುಚ್ಚಬೇಡಿ" ಎಂದು ಹೇಳಿ ಇವಳು ಗುಂಡಿ ಒತ್ತಿ ಗೋಡೆಯ ಹತ್ತಿರ ಹೋಗಿ ನಿಂತಳು.

ತೆರೆಯ ಮೇಲೆ ಮಂಜು ಸುರಿದು, ಗೆರೆ ಕುಣಿದು, ಆಮೇಲೆ ಅಣ್ಣ ಬಂದ. ಎಷ್ಟು ಎಳೆಯವನಾಗಿದ್ದ! ಕುರ್ಚಿಯ ತುದಿಯಲ್ಲಿ ಕೂತು ಕೂದಲು ಸವರಿಕೊಂಡ. ಕೈ ತೊಡೆಯಿಂದ ತಲೆಗೆ ಜಿಗಿಯಿತು, ತಲೆಯಿಂದ ಮೀಸೆಗೆ ಜಿಗಿಯಿತು.

"ಹೂಂ... ಚಾಲೂ ಆಗಿದೆ ಅನ್ಸುತ್ತೆ. ಏ, ಕೇಳೇ. ನಿನ್ನ ಮುಖ ನೋಡ್ಕೊಂಡು ಹೇಳೋಕೆ ನನ್ನ ಕೈಲಾಗಲ್ಲ, ಅದಕ್ಕೇ ಈ ಡಬ್ಬಿಗೆ ಹೇಳ್ತಿದೀನಿ. ತಪ್ಪು ನಂದೇ. ಆ ಲಾರಿಯವನಿಗೆ ನಾನು ಮಾತು ಕೊಡೋಕೆ ಮುಂಚೆ ತಂಗೀನ ಒಂದ್ಮಾತು ಕೇಳ್ಬೇಕಿತ್ತು. ಒಡಹುಟ್ಟಿದೋನು ನಾನು, ನಂಗೆ ಹೊಳೀಲಿಲ್ಲ. ಹೊರಗಿಂದ ಬಂದೋಳು ನೀನು, ನಿಂಗೆ ಹೊಳೀತು. 'ಅವಳಿಗೆ ಇಷ್ಟ ಇಲ್ದೆ ಅವಳನ್ನ ಕಳಿಸಿದ್ರೆ ನಾನೂ ಅವಳ ಹಿಂದೇನೇ ಹೊರಟೆ' ಅಂದ್ಯಲ್ಲ, ಆಗ ನಂಗೆ ಮೈಯೆಲ್ಲ ಉರೀತು. ರಾತ್ರಿ ಯೋಚನೆ ಮಾಡ್ದೆ. ನೀನು ಹೇಳಿದ್ದೇ ಸರಿ. ಹಿಂದಿನ ಕೋಣೆ ಅವಳದ್ದೇ. ಅವನಿಗೆ ಇಲ್ಲ ಅಂತ ಹೇಳ್ಬಿಡ್ತೀನಿ. ನಿನ್ನಂಥೋಳು ಈ ಮನೆಗೆ ಬಂದಿದ್ದು ನಮ್ಮ ಪುಣ್ಯ ಕಣೇ, ನಂದೂ ಅವಳದ್ದೂ. ಇನ್ನಾದ್ರೂ ಮಾತಾಡು. ನೀನು ಮಾತು ಬಿಟ್ರೆ ನಂಗೆ ಊಟ ಸೇರಲ್ಲ."

ಅಣ್ಣ ಎದ್ದು, ಸುತ್ತ ನೋಡಿ, ಬಾಯಿ ತೆರೆದ. ತಂಗಿಯನ್ನು ಕೂಗುವಷ್ಟರಲ್ಲಿ ಅವನ ಮುಖ ಚುಕ್ಕಿಗಳಲ್ಲಿ ಕರಗಿತು. ಯಂತ್ರ ಸ್ವಲ್ಪ ಹೊತ್ತು ಗೊರಗುಟ್ಟಿ ನಿಂತಿತು.

ಕೀಲಿಕೈ ಅಕ್ಕನಿಗೆ ಗೋಡೆ ಬಿಟ್ಟು ಬರಲಾಗಲಿಲ್ಲ. ಎಷ್ಟು ವರ್ಷ! ಒಂದೊಂದು ಊಟದಲ್ಲೂ ಬೇರೆ ಕೂತದ್ದು, ಜ್ವರದಲ್ಲಿ ತಾನೇ ಎದ್ದು ನೀರು ಕುಡಿದದ್ದು ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು.

"ಯಾಕೆ ಹೇಳ್ಲಿಲ್ಲ ಅತ್ತಿಗೆ? ಒಂದು ದಿನ, ಒಂದೇ ಒಂದು ದಿನ ಹೇಳಬಹುದಿತ್ತಲ್ಲ."

"ಏನಂತ ಹೇಳ್ಲಿ? ನಿಮ್ಮಣ್ಣ ನಿನ್ನನ್ನ ಕೇಳ್ದೇನೇ ಕೊಟ್ಟುಬಿಡ್ತಿದ್ರು ಅಂತಾನಾ?" ಅತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿಂಗೆ ಅಂತ ಇದ್ದಿದ್ದು ಅವರೊಬ್ರು. ಅದನ್ನ ಕೆಡಿಸಿ ನಂಗೇನಾಗ್ಬೇಕಿತ್ತು? ಬಿಡು. ಅವರ ಮೀಸೆ ನೋಡಿದ್ಯಾ, ಎಷ್ಟು ಚೆನ್ನಾಗಿತ್ತು ಆಗ." ಆಮೇಲೆ ಮಗುವಿನ ಹಾಗೆ ಕೇಳಿದಳು, "ಇನ್ನೊಂದ್ಸಲ ಹಾಕ್ತೀಯಾ?"

ಇವಳು ಕ್ಯಾಸೆಟ್ಟನ್ನು ಹೊರಗೆ ತೆಗೆದಳು. ಟೇಪು ಗಾಜಿನ ಹಾಗೆ ಬೋಳಾಗಿತ್ತು. ಅಂಗೈ ತುಂಬ ಕಂದು ಪುಡಿ.

"ಆಗಲ್ಲ ಅತ್ತಿಗೆ. ಮುಗೀತು."

ಅತ್ತಿಗೆ ತಲೆಯಾಡಿಸಿದಳು, ಗೊತ್ತಿತ್ತು ಎನ್ನುವ ಹಾಗೆ. ಆದರೂ ಅವಳ ಮುಖ ಸಣ್ಣದಾಯಿತು. ಅದನ್ನು ನೋಡಲಾಗದೆ ಕೀಲಿಕೈ ಅಕ್ಕ ಒಂದು ಕುರ್ಚಿ ಎಳೆದುಕೊಂಡು ಅವಳ ಎದುರಿಗೆ, ತುದಿಯಲ್ಲಿ ಕೂತಳು. ಕೂದಲು ಸವರಿಕೊಂಡಳು. ಕೈಯನ್ನು ತಟ್ಟನೆ ತಲೆಯಿಂದ ಇಲ್ಲದ ಮೀಸೆಗೆ ಜಿಗಿಸಿದಳು. "ಹೂಂ... ಚಾಲೂ ಆಗಿದೆ ಅನ್ಸುತ್ತೆ. ಏ, ಕೇಳೇ" ಎಂದಳು, ಅಣ್ಣನದೇ ದನಿಯಲ್ಲಿ. ಅತ್ತಿಗೆ ಅಳುತ್ತಲೇ ನಕ್ಕುಬಿಟ್ಟಳು. ಇವಳು ಒಂದು ಮಾತೂ ಬಿಡದೆ ಒಪ್ಪಿಸುತ್ತ ಹೋದಳು, ಲಾರಿಯವನು, ಮೈ ಉರಿದದ್ದು, ಹಿಂದಿನ ಕೋಣೆ ಎಲ್ಲ. "ನಿನ್ನಂಥೋಳು ಈ ಮನೆಗೆ ಬಂದಿದ್ದು ನಮ್ಮ ಪುಣ್ಯ ಕಣೇ" ಎಂಬಲ್ಲಿಗೆ ಬಂದಾಗ ಅಣ್ಣನ ದನಿ ಅವಳ ಗಂಟಲಿನಿಂದ ಜಾರಿ ಹೋಯಿತು. ಆಮೇಲೆ ಆ ಮಾತನ್ನು ಮೊದಲಿನಿಂದ, ತನ್ನ ದನಿಯಲ್ಲಿ, ಅತ್ತಿಗೆಯ ಮುಖ ನೋಡಿಕೊಂಡು ಹೇಳಿದಳು.